ಮಿಂಚು ವಿದ್ಯುತ್ತಾದ ಬಗೆ: ಕನ್ನಡ ಭೌತವಿಜ್ಞಾನದ ಪರಿಭಾಷೆಯನ್ನು ಕುರಿತು

ವಿದ್ಯುತ್ತು, ಬೆಳಕು, ಅಲೆ, ವಿಕಿರಣ—ಪ್ರೌಢಶಾಲೆಯ ಭೌತವಿಜ್ಞಾನದ ಪಾಠಗಳ ದೊಡ್ಡ ಭಾಗವು ಈ ನಾಲ್ಕು ಶಬ್ದಗಳ ಸುತ್ತಲೇ ನಡೆಯುತ್ತದೆ. ಇವುಗಳಲ್ಲಿ ಎರಡು ಅಚ್ಚಗನ್ನಡದವು, ಎರಡು ಸಂಸ್ಕೃತದವು. ಪಾಲು ಸಮವಾಯಿತೆಂದು ತೃಪ್ತಿಪಡುವವರು ಪುಸ್ತಕದ ಒಳಹಾಳೆಗಳನ್ನು ತಿರುವಬೇಕು. ಅಲ್ಲಿ ಬೆಳಕು ‘ದ್ಯುತಿ’ಯಾಗಿರುತ್ತದೆ, ಅಲೆ ‘ತರಂಗ’ವಾಗಿರುತ್ತದೆ. ಕನ್ನಡದ ಶಬ್ದಗಳಿಗೆ ತಲೆಬರಹದಲ್ಲಿ ಮರ್ಯಾದೆ ದೊರೆಯುತ್ತದೆ. ಒಳಗಿನ ದುಡಿಮೆಯೆಲ್ಲ ಸಂಸ್ಕೃತ ಶಬ್ದಗಳದು.

ಚೆನ್ನೈಯಲ್ಲಿ ನೆಲಸಿರುವ ನಮಗೆ ಈ ಸಂಗತಿ ಎದ್ದು ಕಾಣುವುದಕ್ಕೆ ಕಾರಣ ಸ್ಪಷ್ಟವಾಗಿದೆ. ನಮ್ಮ ನೆರೆಮನೆಯ ಮಕ್ಕಳು ಓದುವ ತಮಿಳು ಪುಸ್ತಕದಲ್ಲಿ ವಿದ್ಯುತ್ ಪ್ರವಾಹವು ‘ಮಿನ್ನೋಟ್ಟಂ’, ರೋಧವು ‘ಮಿನ್ತಡೈ’, ತರಂಗದ ಉದ್ದವು ‘ಅಲೈನೀಳಂ’, ವಿಕಿರಣಶೀಲತೆಯು ‘ಕದಿರಿಯಕ್ಕಂ’. ಮಿನ್, ಓಟ, ತಡೆ, ಅಲೆ, ನೀಳ, ಕದಿರು—ಇವೆಲ್ಲ ನಮ್ಮ ಮನೆಯ ಮಾತುಗಳೂ ಹೌದು. ಒಂದೇ ಮೂಲಧನವಿದ್ದ ಎರಡು ಮನೆಗಳಲ್ಲಿ ಒಂದು ಅದನ್ನು ವಹಿವಾಟಿಗೆ ತೊಡಗಿಸಿತು, ಇನ್ನೊಂದು ಪೆಟ್ಟಿಗೆಯಲ್ಲಿಟ್ಟು ಸಾಲ ತಂದಿತು. ಹೀಗೇಕಾಯಿತೆಂಬುದೇ ಇಲ್ಲಿಯ ವಿಚಾರ. ಕನ್ನಡಿಗರ ನಿರಭಿಮಾನವೇ ಕಾರಣವೆಂದು ಸಭೆಗಳಲ್ಲಿ ಕೇಳಿಬರುವ ಉತ್ತರವು ನನಗೆ ಸಮ್ಮತವಲ್ಲ.

ಕನ್ನಡ ನಾಡಿಗೆ ಭೌತವಿಜ್ಞಾನದ ಉಚ್ಚಶಿಕ್ಷಣವು ಬಂದದ್ದು ಮದರಾಸಿನ ದಾರಿಯಿಂದ. ೧೮೫೭ರಲ್ಲಿ ಸ್ಥಾಪಿತವಾದ ಮದರಾಸು ವಿಶ್ವವಿದ್ಯಾನಿಲಯಕ್ಕೆ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜಾ ಕಾಲೇಜು ಎರಡೂ ಸೇರಿದ್ದವು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಹುಟ್ಟುವ ತನಕ ಪ್ರಶ್ನಪತ್ರಿಕೆಯೂ ಪದವಿಯೂ ಇಲ್ಲಿಂದಲೇ ಹೋಗುತ್ತಿದ್ದವು. ಬೋಧನೆಯೆಲ್ಲ ಇಂಗ್ಲಿಷಿನಲ್ಲಿ. ಇದೇ ಪದ್ಧತಿಯಲ್ಲಿ ಪ್ರೆಸಿಡೆನ್ಸಿ ಕಾಲೇಜಿನ ವಿದ್ಯಾರ್ಥಿ ಚಂದ್ರಶೇಖರ ವೆಂಕಟರಾಮನ್ ೧೯೦೬ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಆಯತಾಕಾರದ ರಂಧ್ರದಿಂದ ಬೆಳಕು ಹರಡುವ ಬಗೆಯನ್ನು ಕುರಿತ ತಮ್ಮ ಮೊದಲ ಲೇಖನವನ್ನು ಲಂಡನ್ನಿನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಅವರಿಗೆ ದೇಶಭಾಷೆಯ ಪಾರಿಭಾಷಿಕ ಶಬ್ದಗಳ ಅಗತ್ಯವೇ ಬೀಳಲಿಲ್ಲ. (ಮರುವರ್ಷ ಅವರು ಸೇರಿದ್ದು ಸರ್ಕಾರದ ಹಣಕಾಸಿನ ಇಲಾಖೆಯನ್ನು. ಲೆಕ್ಕಪತ್ರಗಳ ನಡುವೆ ದಿನ ಕಳೆಯುವ ನನ್ನಂಥವರಿಗೆ ಇದೊಂದು ಸಮಾಧಾನದ ವಿಷಯ.)

ಅಗತ್ಯ ಬಿದ್ದದ್ದು ಜನಸಾಮಾನ್ಯರಿಗೆ. ೧೯೦೨ರಲ್ಲಿ ಶಿವನಸಮುದ್ರದ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೆ, ತೊಂಬತ್ತಕ್ಕೂ ಮೇಲ್ಪಟ್ಟ ಮೈಲಿಗಳ ತಂತಿಯ ಮೇಲೆ, ವಿದ್ಯುತ್ತು ಹರಿಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಹತ್ತಿದವು. ವಸ್ತು ಮೊದಲು ಬಂದಿತು, ಪುಸ್ತಕದ ಶಬ್ದ ಆಮೇಲೆ. ಜನ ಕಾಯಲಿಲ್ಲ, ‘ಕರೆಂಟು’ ಎಂದರು, ‘ಲೈಟು’ ಎಂದರು. ಇಂದಿಗೂ ಮನೆಯಲ್ಲಿ ಹೋಗುವುದೂ ಬರುವುದೂ ಕರೆಂಟೇ ಹೊರತು ವಿದ್ಯುತ್ತಲ್ಲ. ಈ ವಿಷಯದಲ್ಲಿ ತಮಿಳರಿಗೂ ನಮಗೂ ಭೇದವಿಲ್ಲ.

ಬರೆಯುವವರ ಮುಂದೆ ಪ್ರಶ್ನೆಯು ಸಾಕ್ಷಾತ್ತಾಗಿ ಬಂದು ನಿಂತದ್ದು ೧೯೧೮ರಲ್ಲಿ. ಆ ವರ್ಷ ಬೆಂಗಳೂರಿನ ಕರ್ನಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯು ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿತು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಅದನ್ನು ನಡೆಸಿದರು. ಪತ್ರಿಕೆ ಎರಡು ವರ್ಷ ಮಾತ್ರ ಬಾಳಿತು. ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರು; ಅವರೇ ಮುಂದೆ, ೧೯೩೧ರಲ್ಲಿ, ಕನ್ನಡ ಸಾಹಿತ್ಯ ಪರಿಷತ್ತಿಗಾಗಿ ಪಂಪಭಾರತವನ್ನು ಸಂಪಾದಿಸಿದವರು. ಒಬ್ಬರೇ ವ್ಯಕ್ತಿಯಲ್ಲಿ ಭೌತವಿಜ್ಞಾನವೂ ಹಳಗನ್ನಡವೂ ಕೂಡಿದ್ದನ್ನು ನಾವು ಸಾಮಾನ್ಯವಾಗಿ ಪ್ರಶಂಸೆಯ ಮಾತಾಗಿ ಹೇಳಿ ಮುಂದೆ ಸಾಗುತ್ತೇವೆ. ನನ್ನ ಮಟ್ಟಿಗೆ ನಮ್ಮ ಪ್ರಶ್ನೆಯ ಉತ್ತರವಿರುವುದೇ ಈ ಕೂಡುವಿಕೆಯಲ್ಲಿ.

ಹಳಗನ್ನಡವನ್ನು ಬಲ್ಲವನಿಗೆ ಅರಿಸಮಾಸದ ಭಯವುಂಟು. ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ಬೆರಸಿ ಸಮಾಸ ಮಾಡುವುದನ್ನು ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಆಕ್ಷೇಪಿಸುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನು ಅದನ್ನು ಸೂತ್ರವಾಗಿಯೇ ಕಟ್ಟಿದ್ದಾನೆ. ಗಮಕ, ಕ್ರಿಯಾಸಮಾಸಗಳಿಗೂ ಬಿರುದಾವಳಿಗಳಿಗೂ ರಿಯಾಯಿತಿಯುಂಟು, ಮಿಕ್ಕೆಡೆ ದೋಷವೇ. ಕಾವ್ಯಕ್ಕಾಗಿ ಮಾಡಿದ ಈ ಕಟ್ಟಳೆಯು ಏಳು ಶತಮಾನಗಳ ಬಳಿಕ ವಿದ್ಯುತ್ತಿನ ಪಾಠವನ್ನು ಆಳುವುದೆಂದು ಕೇಶಿರಾಜನು ಕನಸಿನಲ್ಲೂ ಎಣಿಸಿರಲಾರ. ಆದರೆ ಭೌತವಿಜ್ಞಾನದ ಪರಿಭಾಷೆಯೆಂದರೆ ಸಮಾಸಗಳ ರಾಶಿಯಲ್ಲದೆ ಮತ್ತೇನು? ವಿದ್ಯುತ್ತಿಗೂ ಕಾಂತಕ್ಕೂ ಸಂಬಂಧವುಂಟೆಂದು ಕಂಡುಬಂದ ಕೂಡಲೆ ಎರಡನ್ನೂ ಬೆಸೆದ ಒಂದು ಶಬ್ದ ಬೇಕು. ಬೆಳಕು ಲೋಹದಿಂದ ಎಲೆಕ್ಟ್ರಾನನ್ನು ಕಿತ್ತು ಹಾರಿಸುವುದೆಂದಾಗ ಬೆಳಕನ್ನೂ ವಿದ್ಯುತ್ತನ್ನೂ ಬೆಸೆದ ಇನ್ನೊಂದು ಬೇಕು. ಕಾಂತ, ಕ್ಷೇತ್ರ, ಶಕ್ತಿ ಮುಂತಾದವುಗಳಲ್ಲಿ ಒಂದು ಸಂಸ್ಕೃತದ್ದಾದರೆ ಸಾಕು, ಜೊತೆಗಾರನೂ ಸಂಸ್ಕೃತದವನೇ ಆಗಬೇಕು. ಬೆಳಕು ‘ದ್ಯುತಿ’ಯಾದದ್ದು, ಮಿಂಚು ‘ವಿದ್ಯುತ್ತು’ ಆದದ್ದು ಈ ನಿಯಮದ ಒತ್ತಾಯದಿಂದಲೇ ಎಂದು ನಾನು ತಿಳಿಯುತ್ತೇನೆ. ನಿರಭಿಮಾನವಲ್ಲ, ವ್ಯಾಕರಣಾಭಿಮಾನವೇ ಇದಕ್ಕೆ ಮೂಲ. ತಮಿಳಿಗೆ ಈ ಅಂಕುಶವಿರಲಿಲ್ಲ. ಅವರ ‘ಮಿನ್ಸಾರಂ’ ಎಂಬ ಅತಿ ರೂಢವಾದ ಶಬ್ದದ ಉತ್ತರಪದವೇ ಸಂಸ್ಕೃತದ್ದೆಂದು ತೋರುತ್ತದೆ.

ವಿದ್ಯುತ್ತೆಂದರೂ ಮಿಂಚೆಂದೇ ಅರ್ಥವಷ್ಟೆ. ಆ ದೃಷ್ಟಿಯಿಂದ ಆಯ್ಕೆ ಸೊಗಸಾದದ್ದು. ಯುರೋಪಿನವರ ಶಬ್ದವು ಉಜ್ಜಿದ ಶಿಲಾರಾಳವನ್ನು ಸೂಚಿಸುವ ಗ್ರೀಕ್ ಪದದಿಂದ ಬಂದಿದೆ. ೧೬೦೦ರಲ್ಲಿ ಗಿಲ್ಬರ್ಟನು ಅದನ್ನು ಬಳಕೆಗೆ ತಂದಾಗ ಮಿಂಚಿಗೂ ಅದಕ್ಕೂ ನಂಟುಂಟೆಂದು ಪ್ರಯೋಗದಿಂದ ತಿಳಿದಿರಲಿಲ್ಲ. ೧೭೫೨ರ ಫ್ರಾಂಕ್ಲಿನ್ನನ ಕಾಲದ ಪ್ರಯೋಗಗಳು ಅದನ್ನು ಸ್ಥಾಪಿಸಿದವು. ನಮ್ಮವರು ತಡವಾಗಿ ಹೆಸರಿಟ್ಟದ್ದರಿಂದ ಸತ್ಯವನ್ನೇ ಹೆಸರಾಗಿ ಇಡಲು ಸಾಧ್ಯವಾಯಿತು. ಆದರೆ ಸಂಧಿಯ ಕೈಗೆ ಸಿಕ್ಕಿದ ಈ ಶಬ್ದದ ಪಾಡನ್ನು ನೋಡಿ: ದೀಪದೊಡನೆ ವಿದ್ಯುದ್ದೀಪ, ಶಕ್ತಿಯೊಡನೆ ವಿದ್ಯುಚ್ಛಕ್ತಿ, ಮಂಡಲದೊಡನೆ ವಿದ್ಯುನ್ಮಂಡಲ, ಕಾಂತದೊಡನೆ ವಿದ್ಯುತ್ಕಾಂತ. ಹದಿಮೂರು ವರ್ಷದ ಬಾಲಕನ ಮುಂದೆ ಒಂದೇ ಶಬ್ದವು ನಾಲ್ಕು ಮುಖ ತೊಟ್ಟು ಬಂದರೆ ಅವನು ಗುರುತಿಸುವುದು ಹೇಗೆ? ಪಕ್ಕದ ತಮಿಳು ಹುಡುಗನಿಗೆ ‘ಮಿನ್’ ಎಂಬುದು ಎಲ್ಲೆಡೆಯೂ ಮಿನ್ನಾಗಿಯೇ ಕಾಣುತ್ತದೆ.

ತಮಿಳರಿಗೆ ಇದು ಹೋರಾಟವಿಲ್ಲದೆ ದೊರೆತದ್ದಲ್ಲವೆಂಬುದನ್ನೂ ಹೇಳಬೇಕು. ೧೯೧೬ರಲ್ಲಿಯೇ ಸೇಲಂನಲ್ಲಿ ರಾಜಾಜಿಯವರೂ ಅವರ ಮಿತ್ರರೂ ವೈಜ್ಞಾನಿಕ ಶಬ್ದಗಳಿಗಾಗಿ ಒಂದು ಸಂಘವನ್ನು ಕಟ್ಟಿದ್ದರು. ೧೯೪೦ರಲ್ಲಿ ಮದರಾಸು ಸರ್ಕಾರವು ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳ ಅಧ್ಯಕ್ಷತೆಯಲ್ಲಿ ಪಾರಿಭಾಷಿಕ ಪದಗಳ ಸಮಿತಿಯೊಂದನ್ನು ನೇಮಿಸಿದಾಗ, ಅದು ಸಂಸ್ಕೃತದ ಕಡೆಗೆ ವಾಲುವುದೆಂದು ತಮಿಳು ವಿದ್ವಾಂಸರು ಬಲವಾಗಿ ಪ್ರತಿಭಟಿಸಿದರು. ಸಮಿತಿಯು ತಮಿಳು ಪಂಡಿತರನ್ನು ಸೇರಿಸಿಕೊಳ್ಳಬೇಕಾಯಿತು. ಅದೇ ಪ್ರಾಂತದಲ್ಲಿ ದಕ್ಷಿಣ ಕನ್ನಡವೂ ಬಳ್ಳಾರಿಯೂ ಕೊಳ್ಳೇಗಾಲವೂ ಇದ್ದವು. ಆದರೆ ಕನ್ನಡಿಗರ ಸ್ಥಿತಿ ಬೇರೆ. ನಾವು ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂದು ಹಂಚಿಹೋಗಿದ್ದೆವು. ಧಾರವಾಡದವನಿಗೆ ಮರಾಠಿಯ ನೆರೆ, ಬಳ್ಳಾರಿಯವನಿಗೆ ತೆಲುಗಿನ ನೆರೆ, ಮಂಗಳೂರಿನವನಿಗೆ ತುಳುವಿನ ಮನೆ. ಒಂದು ಊರಿನ ದೇಸಿ ಮಾತು ಇನ್ನೊಂದು ಊರಿಗೆ ಹೊಸತಾಗಿ ಕೇಳಿಸುವಲ್ಲಿ ಸಂಸ್ಕೃತ ಶಬ್ದವು ಎಲ್ಲರಿಗೂ ಸಮಾನ ದೂರದಲ್ಲಿತ್ತು. ಇದು ಸಣ್ಣ ಪ್ರಯೋಜನವಲ್ಲ. ೧೯೪೬ರಲ್ಲಿ ಹೊರಬಂದ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು, ೧೯೬೧ರಲ್ಲಿ ದಿಲ್ಲಿಯಲ್ಲಿ ಸ್ಥಾಪಿತವಾದ ಪರಿಭಾಷಾ ಆಯೋಗ, ಇವುಗಳ ಕಾಲಕ್ಕೆ ದಾರಿಯು ನಿಶ್ಚಯವಾಗಿಹೋಗಿತ್ತು.

ಈ ದಾರಿಯಲ್ಲಿ ದೊರೆತ ರತ್ನಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ಪಟ್ಟಕದ ಮೂಲಕ ಹಾಯಿಸಿದ ಬಿಳಿಯ ಬೆಳಕು ಬಣ್ಣಗಳಾಗಿ ಒಡೆದು ನೇರವಾದ ಪಟ್ಟಿಯಾಗಿ ಬೀಳುತ್ತದಷ್ಟೆ. ತೆಲುಗರು ಇದನ್ನು ‘ವರ್ಣಪಟ’ವೆಂದರು, ತಮಿಳರು ಬಣ್ಣದ ಮಾಲೆ ಎಂಬರ್ಥದಲ್ಲಿ ‘ನಿರಮಾಲೈ’ ಎಂದರು. ಕನ್ನಡದಲ್ಲಿ ಇದು ‘ರೋಹಿತ’. ಇಂದ್ರನ ಬಿಲ್ಲು ಬಾಗದೆ ನೆಟ್ಟಗೆ ಕಂಡರೆ ಅದಕ್ಕೆ ರೋಹಿತವೆಂದು ಹೆಸರೆಂದು ಅಮರಕೋಶವು ತಿಳಿಸುತ್ತದೆ. ನೆಟ್ಟಗಾದ ಮಳೆಬಿಲ್ಲು! ಮಳೆಹನಿಯಲ್ಲಿ ನಡೆಯುವ ವರ್ಣವಿಭಜನೆಯೂ ಪಟ್ಟಕದಲ್ಲಿ ನಡೆಯುವುದೂ ಒಂದೇ ಎಂಬ ನ್ಯೂಟನ್ನನ ಪಾಠವು ಆ ಮೂರು ಅಕ್ಷರಗಳಲ್ಲಿ ಅಡಗಿದೆ. ೧೯೨೮ರ ಫೆಬ್ರವರಿ ೨೮ರಂದು ರಾಮನ್ನರು ಕಲ್ಕತ್ತೆಯಲ್ಲಿ ಕಂಡ ಪರಿಣಾಮದಿಂದ ದ್ರವಗಳಲ್ಲಿ ಚೆದರಿದ ಬೆಳಕಿನ ರೋಹಿತದಲ್ಲಿ ಹೊಸ ಗೆರೆಗಳು ಮೂಡಿದುವೆಂದು ಕನ್ನಡದಲ್ಲಿ ಹೇಳುವಾಗ ವಿಷಯವೂ ಶಬ್ದವೂ ಒಂದಕ್ಕೊಂದು ತಕ್ಕುವಾಗಿವೆ. ೧೮೯೫ರಲ್ಲಿ ರಾಂಟ್ಗೆನ್ನನು ಕಂಡ ಅಜ್ಞಾತ ಕಿರಣಕ್ಕೆ ‘ಕ್ಷ-ಕಿರಣ’ವೆಂದದ್ದೂ ಜಾಣತನವೇ.

ಇನ್ನು ಸೋತ ಶಬ್ದಗಳು. ಬೆಳಕು ಗಾಳಿಯಿಂದ ನೀರಿಗೆ ಹೋಗುವಾಗ ಗಡಿಯಲ್ಲಿ ಒಮ್ಮೆ ದಿಕ್ಕು ತಪ್ಪಿಸಿ ಮತ್ತೆ ನೆಟ್ಟಗೆ ಸಾಗುತ್ತದೆ. ನಮ್ಮ ಪುಸ್ತಕಗಳು ಇದಕ್ಕೆ ‘ವಕ್ರೀಭವನ’ ಎನ್ನುತ್ತವೆ. ವಕ್ರವೆಂದರೆ ಬಾಗು ಎಂದು ತಿಳಿದ ಮಗುವು ಕಿರಣವನ್ನು ಬಿಲ್ಲಿನಂತೆ ಬಾಗಿಸಿ ಬರೆದರೆ ತಪ್ಪು ಮಗುವಿನದಲ್ಲ. ತಮಿಳಿನ ‘ವಿಲಗಲ್’, ಎಂದರೆ ಸರಿದುಹೋಗುವುದು, ಇಲ್ಲಿ ಹೆಚ್ಚು ಪ್ರಾಮಾಣಿಕವಾಗಿದೆ.

ಇದರಿಂದ ಅಂಕವೊಂದೆರಡು ಹೋಗಬಹುದು, ಅಷ್ಟೆ. ‘ವಿಕಿರಣ’ದ ವಿಚಾರ ಅಷ್ಟು ಹಗುರವಲ್ಲ. ಕಾದ ಬಾಣಲೆಯಿಂದ ಮುಖಕ್ಕೆ ತಟ್ಟುವ ಶಾಖವೂ ವಿಕಿರಣ, ಆಕಾಶವಾಣಿಯ ಅಲೆಯೂ ವಿಕಿರಣ, ೧೮೯೬ರಲ್ಲಿ ಬೆಕೆರೆಲನು ಯುರೇನಿಯಮ್ಮಿನಲ್ಲಿ ಕಂಡದ್ದೂ, ಕ್ಯೂರಿ ದಂಪತಿಗಳು ೧೮೯೮ರಲ್ಲಿ ರೇಡಿಯಮ್ಮಿನಲ್ಲಿ ಕಂಡದ್ದೂ ವಿಕಿರಣ. ಕೊನೆಯದು ಪರಮಾಣುವಿನ ಬೀಜವೇ ಒಡೆದು ಹೊಮ್ಮಿಸುವಂಥದು. ಎದುರಿಗೆ ಸಿಕ್ಕ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತುಹಾಕಬಲ್ಲದು, ಜೀವಕೋಶವನ್ನು ಕೆಡಿಸಬಲ್ಲದು. ಆಕಾಶವಾಣಿಯ ಅಲೆಗೆ ಆ ಶಕ್ತಿಯಿಲ್ಲ. ಇಂಗ್ಲಿಷಿನಲ್ಲಿಯೂ ಈ ಗೊಂದಲ ಸ್ವಲ್ಪಮಟ್ಟಿಗೆ ಉಂಟು. ಆದರೆ ಕನ್ನಡದ ‘ವಿಕಿರಣಶೀಲ’ವು ಹೆಚ್ಚು ದಾರಿ ತಪ್ಪಿಸುತ್ತದೆ, ಏಕೆಂದರೆ ಬಾಣಲೆಗೂ ಸೂರ್ಯನಿಗೂ ವಿಕಿರಣವೇ ಶೀಲ. ‘ವಿಕಿರಣಪಟು’ ಎಂಬ ಇನ್ನೊಂದು ರೂಪವನ್ನು ಕೆಲವರು ಬಳಸುತ್ತಾರೆ, ಅದು ತುಸು ಮೇಲು. ಬ್ಯಾಂಕಿನ ಲೆಕ್ಕದಲ್ಲಿ ಒಂದೇ ತಲೆಬರಹದ ಕೆಳಗೆ ಎರಡು ಬಗೆಯ ಬಾಬ್ತುಗಳನ್ನು ಬರೆದರೆ ವರ್ಷಾಂತ್ಯದಲ್ಲಿ ಯಾವುದು ಆಸ್ತಿ, ಯಾವುದು ಹೊಣೆ ಎಂದು ತಿಳಿಯದು. ಉತ್ತರ ಕನ್ನಡದ ಕೈಗಾದಲ್ಲಿ ೨೦೦೦ದಿಂದ ಪರಮಾಣು ವಿದ್ಯುತ್ತು ತಯಾರಾಗುತ್ತಿದೆ; ಚೆನ್ನೈಗೆ ಸಮೀಪದ ಕಲ್ಪಾಕ್ಕಂನಲ್ಲಿ ಅದಕ್ಕೂ ಹದಿನಾರು ವರ್ಷ ಮೊದಲಿನಿಂದ. ಅಲ್ಲಿಯ ವಿಕಿರಣವನ್ನೂ ಮನೆಯ ಮಾಳಿಗೆಯ ಮೇಲಣ ದೂರವಾಣಿ ಗೋಪುರದ ವಿಕಿರಣವನ್ನೂ ಒಂದೇ ಹೆಸರಿನಿಂದ ಓದುವ ಕನ್ನಡಿಗನು ಎರಡಕ್ಕೂ ಒಂದೇ ಸಮನೆ ಹೆದರುತ್ತಾನೆ, ಇಲ್ಲವೆ ಎರಡಕ್ಕೂ ಹೆದರದೆ ಇರುತ್ತಾನೆ. ಎರಡೂ ಅಪಾಯವೇ.

ಅರಿಸಮಾಸದ ಕಟ್ಟಳೆಯಾದರೂ ಇಂದು ಎಷ್ಟರ ಮಟ್ಟಿಗೆ ಉಳಿದಿದೆ? ‘ರೇಡಿಯೋ ತರಂಗ’, ‘ಎಲೆಕ್ಟ್ರಾನ್ ಪ್ರವಾಹ’, ‘ರಾಮನ್ ಪರಿಣಾಮ’ ಎಂದು ಎಲ್ಲರೂ ಬರೆಯುತ್ತಾರೆ. ಇಂಗ್ಲಿಷೂ ಸಂಸ್ಕೃತವೂ ಕೂಡಿದಾಗ ದೋಷವೆನ್ನುವವರಿಲ್ಲ. ಕನ್ನಡ ಸೇರಿದರೆ ಮಾತ್ರ ದೋಷವೆನ್ನುವುದು ವಿಚಿತ್ರ. ಈಚೆಗೆ ಗಣಕದ ಮೂಲಕ ಹೋಗುವ ಪತ್ರಕ್ಕೆ ‘ಮಿಂಚಂಚೆ’ ಎಂಬ ಹೆಸರು ರೂಢಿಗೆ ಬಂದಿದೆ. ತಮಿಳಿನ ‘ಮಿನ್ನಂಜಲ್’ ಅದರ ಒಡಹುಟ್ಟು. ಶತಮಾನದ ಹಿಂದೆ ಪಾಠಪುಸ್ತಕದಿಂದ ಹೊರಗುಳಿದ ಮಿಂಚು ಹಿತ್ತಲ ಬಾಗಿಲಿನಿಂದ ಮನೆಗೆ ಬಂದಿದೆ.

ಶಬ್ದಗಳ ಆಯುಸ್ಸಿನ ಪ್ರಶ್ನೆಯೂ ಇದೆ. ಕರ್ನಾಟಕದಲ್ಲಿ ಮಾತ್ರವಲ್ಲದೆ ಕಾಸರಗೋಡಿನ ಮಕ್ಕಳಿಗಾಗಿ ಕೇರಳವೂ, ಸೊಲ್ಲಾಪುರ, ಜತ್ತ, ಅಕ್ಕಲಕೋಟೆಗಳ ಮಕ್ಕಳಿಗಾಗಿ ಮಹಾರಾಷ್ಟ್ರವೂ ಕನ್ನಡದಲ್ಲಿ ವಿಜ್ಞಾನದ ಪುಸ್ತಕಗಳನ್ನು ಅಚ್ಚುಹಾಕುತ್ತವೆ. ಅಲೆಯ ಉದ್ದಕ್ಕೆ ಒಬ್ಬ ಲೇಖಕ ‘ತರಂಗದೂರ’ವೆಂದರೆ ಇನ್ನೊಬ್ಬ ‘ತರಂಗಾಂತರ’ವೆನ್ನುತ್ತಾನೆ. ಹತ್ತನೆಯ ತರಗತಿ ಮುಗಿಸಿದವನು ಸಾಮಾನ್ಯವಾಗಿ ಇಂಗ್ಲಿಷಿಗೆ ದಾಟುತ್ತಾನೆ, ಶಬ್ದಗಳು ಹಿಂದೆಯೇ ಉಳಿಯುತ್ತವೆ. ೨೦೧೨ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೂರವಾಣಿ ಕಂಪನಿಗಳ ೧೨೨ ಪರವಾನಗಿಗಳನ್ನು ರದ್ದುಪಡಿಸಿತಲ್ಲ, ಆಗ ರೇಡಿಯೋ ಅಲೆಗಳ ಆ ಹರವಿಗೆ ಇಲ್ಲಿಯ ತಮಿಳು ಪತ್ರಿಕೆಗಳು ‘ಅಲೈಕ್ಕಟ್ರೈ’, ಅಲೆಗಳ ಕಟ್ಟು, ಎಂದು ಬರೆದವು. ಕನ್ನಡ ಪತ್ರಿಕೆಗಳಲ್ಲಿ ‘ತರಂಗಾಂತರ’ವೂ ‘ತರಂಗಗುಚ್ಛ’ವೂ ಕಾಣಿಸಿಕೊಂಡವು. ರೋಹಿತವೆಂಬ ಶಬ್ದವು ಆ ವೇಳೆಗೂ ಶಾಲೆಯ ಪುಸ್ತಕದಲ್ಲಿಯೇ ಇತ್ತು. ಅದನ್ನು ಕರೆಯಲು ಯಾರೂ ಹೋಗಲಿಲ್ಲ.