ಹಿತ್ತಲ ಗಿಡ, ಹಕ್ಕಿ, ಹಾವು ಯಾವುದು? ಮೊಬೈಲ್‌ನಲ್ಲಿ ಹೆಸರು ಪತ್ತೆ ಮಾಡೋದು ಹೇಗೆ: ಇಲ್ಲಿದೆ ಮಾಹಿತಿ

ಮೈಸೂರು: ವಿದ್ಯಾರಣ್ಯಪುರಂಗೆ ಚಾಮುಂಡಿ ಬೆಟ್ಟ ಹತ್ತಿರ. ಖಾಲಿ ಸೈಟು, ಚರಂಡಿ ಪಕ್ಕ, ಅಂಗಡಿ ಹಿಂದೆ ಹೆಸರು ಗೊತ್ತಿಲ್ಲದ ಗಿಡ, ಹಕ್ಕಿ, ಹಾವು ಕಾಣಿಸೋದು ಹೊಸದೇನಲ್ಲ. ಫೋಟೋ ಹಾಕಿದರೆ ಹವ್ಯಾಸಿಗಳು, ತಿಳಿದವರು ಸೇರಿ ಹೆಸರು ಹೇಳುವ ಆ್ಯಪ್‌ಗಳಿವೆ. ದುಡ್ಡು ಕೊಡಬೇಕಿಲ್ಲ.

ಯಾವ ಆ್ಯಪ್?

* ಐನ್ಯಾಚುರಲಿಸ್ಟ್: ಗಿಡ, ಹುಳ, ಪ್ರಾಣಿ ಎಲ್ಲಕ್ಕೂ. 2008ರಲ್ಲಿ ಅಮೆರಿಕದ ಬರ್ಕ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಶುರುವಾಯ್ತು.
* ಇಬರ್ಡ್: ಹಕ್ಕಿಗಳಿಗೆ ಮಾತ್ರ. ಆದರೆ ಇದು ಹೆಸರು ಕೇಳೋಕಲ್ಲ, ಕಂಡ ಹಕ್ಕಿಗಳನ್ನು ದಾಖಲಿಸೋಕೆ. ಮೈಸೂರಿನ ಹವ್ಯಾಸಿಗಳು 2014-16ರಲ್ಲಿ ನಗರದ ಹಕ್ಕಿ ಅಟ್ಲಾಸ್ ಮಾಡಿದ್ದಾರೆ.
* ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್: ನಮ್ಮ ದೇಶದ್ದೇ.

ಹೆಸರು ಪಕ್ಕಾ ಆಗೋದು ಹೇಗೆ?

ಐನ್ಯಾಚುರಲಿಸ್ಟ್‌ನಲ್ಲಿ ಮೊದಲು ಕಂಪ್ಯೂಟರ್ ಒಂದು ಹೆಸರು ಸೂಚಿಸುತ್ತೆ. ಅದು ಅಂದಾಜು ಅಷ್ಟೇ. ಫೋಟೋ, ದಿನಾಂಕ, ಜಾಗ ಸರಿಯಿದ್ದು, ಹೆಸರು ಹೇಳಿದವರಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಜನ ಒಪ್ಪಿದರೆ ದಾಖಲೆ ಸಂಶೋಧನೆಗೆ ಯೋಗ್ಯ ಅನ್ನಿಸಿಕೊಳ್ಳುತ್ತೆ. ಒಬ್ಬರೇ ಹೇಳಿದ್ದು ಸಾಲಲ್ಲ.

ಒಂದು ಫೋಟೋ ಸಾಕಾ?

ಸಾಕಾಗಲ್ಲ. ಎಲೆಯ ಎರಡೂ ಮುಖ, ಹೂ, ಕಾಂಡ ಬೇರೆ ಬೇರೆ ತೆಗೆಯಬೇಕು. ಉದಾಹರಣೆಗೆ ಹೊನಗೊನ್ನೆ ಸೊಪ್ಪು. ಕೊಳಚೆ ನೀರಲ್ಲಿ ಹಬ್ಬುವ, ದಕ್ಷಿಣ ಅಮೆರಿಕ ಮೂಲದ ಅಲಿಗೇಟರ್ ಕಳೆ ನೋಡೋಕೆ ಹಾಗೇ ಇರುತ್ತೆ. ಹೊನಗೊನ್ನೆಯ ಬಿಳಿ ಹೂಗೊಂಚಲು ಎಲೆ ಬುಡಕ್ಕೇ ಅಂಟಿಕೊಂಡಿರುತ್ತೆ. ಕಳೆಯಲ್ಲಿ ಉದ್ದ ತೊಟ್ಟಿನ ತುದಿಯಲ್ಲಿರುತ್ತೆ. ಈ ಕಳೆ ನೀರಿನ ವಿಷ ಲೋಹಗಳನ್ನು ಹೀರಿಕೊಳ್ಳುತ್ತೆ. ಹಾಗಾಗಿ ಚರಂಡಿ ಪಕ್ಕ ಕಿತ್ತ ಸೊಪ್ಪು ಯಾವುದೇ ಇರಲಿ, ಮಾರೋದೂ ಬೇಡ, ತಿನ್ನೋದೂ ಬೇಡ. ಆ್ಯಪ್ ಹೇಳಿತು ಅಂತ ಕಾಡು ಅಣಬೆಯನ್ನಂತೂ ಬಾಯಿಗೆ ಇಡಲೇಬಾರದು.

ಜಾಗ ತೋರಿಸಬೇಕಾ?

ಮನೆಯಲ್ಲಿ ತೆಗೆದ ಫೋಟೋ ಆದರೆ ಜಾಗ ಮಸುಕು ಮಾಡುವ ಆಯ್ಕೆ ಇದೆ. ಅಳಿವಿನಂಚಿನ ಜೀವಿಗಳ ಜಾಗವನ್ನು ಆ್ಯಪ್ ತಾನೇ ಮಸುಕು ಮಾಡುತ್ತೆ, ಕಳ್ಳ ಬೇಟೆಗಾರರಿಗೆ ಗೊತ್ತಾಗಬಾರದು ಅಂತ.

ಹಾವು ಕಂಡರೆ?

ವಿಷದ ಕಟ್ಟು ಹಾವು, ವಿಷವಿಲ್ಲದ ತೋಳ ಹಾವು ಎರಡಕ್ಕೂ ಬಿಳಿ ಪಟ್ಟೆ ಇರುತ್ತೆ. ಸಾಮಾನ್ಯವಾಗಿ ಕಟ್ಟು ಹಾವಿನ ಪಟ್ಟೆ ತಲೆ ಕಡೆ ಮಸುಕು, ಬಾಲದ ಕಡೆ ಸ್ಪಷ್ಟ. ತೋಳ ಹಾವಿಗೆ ಉಲ್ಟಾ. ಆದರೂ ಹತ್ತಿರ ಹೋಗಿ ಫೋಟೋ ತೆಗೆಯಬೇಡಿ.

ಕಚ್ಚಿದರೆ ಆ್ಯಪ್‌ನಲ್ಲಿ ಉತ್ತರ ಬರಲಿ ಅಂತ ಕಾಯಲೇಬೇಡಿ. ಕಟ್ಟು ಹಾವು ಕಚ್ಚಿದರೆ ನೋವೇ ಗೊತ್ತಾಗದೆ ಇರಬಹುದು. ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಆಸ್ಪತ್ರೆಯಲ್ಲಿ ಕೊಡೋದು ಒಂದೇ ಔಷಧ. ಹೆಸರು ಆಮೇಲೆ ನೋಡಿಕೊಂಡರಾಯ್ತು, ಮೊದಲು 108ಕ್ಕೆ ಕರೆ ಮಾಡಿ.