ಅಡುಗೆ ಬಾರದವಳ ನೈವೇದ್ಯ

ಮಾರ್ಗಶಿರ ಶುದ್ಧ ಷಷ್ಠಿಯ ದಿನ ಮುಂಬೈ ಬಳಿಯ ಠಾಕುರ್ಲಿಯ ಕನ್ನಡದ ಮನೆಗಳಲ್ಲಿ ಹಬ್ಬ ಒಂದೇ ಬಗೆಯದಾಗಿರುವುದಿಲ್ಲ. ಉಡುಪಿ, ದಕ್ಷಿಣ ಕನ್ನಡದಿಂದ ಬಂದವರಿಗೆ ಅದು ಸುಬ್ರಹ್ಮಣ್ಯ ಷಷ್ಠಿ. ಕುಕ್ಕೆಯಲ್ಲಿ ತೇರು ಎಳೆಯುವ ದಿನ, ನಾಗನಿಗೆ ಹಾಲು, ಸೀಯಾಳದ ತಂಪು ಎರೆಯುವ ದಿನ. ಬೀದರ, ಕಲಬುರಗಿ, ವಿಜಯಪುರ, ಸೊಲ್ಲಾಪುರದ ಕಡೆಯವರಲ್ಲಿ ಖಂಡೋಬಾ ಮನೆದೇವರಾದ ಕುಟುಂಬಗಳಿಗೆ ಅದೇ ತಿಥಿ ಚಂಪಾಷಷ್ಠಿ. ಅಲ್ಲಿ ತಂಪಿನ ಮಾತಿಲ್ಲ. ಬದನೆಕಾಯಿಯನ್ನು ನೇರ ಉರಿಗೆ ಹಿಡಿದು, ಸಿಪ್ಪೆ ಕರಕಲಾಗುವವರೆಗೆ ಸುಟ್ಟು, ಹಿಸುಕಿ ಮಾಡಿದ ಭರೀತವೇ ದೇವರಿಗೆ ನೈವೇದ್ಯ. ಉತ್ತರ ಕರ್ನಾಟಕದಲ್ಲಿ ಇದು ಭರ್ತ, ಕರಾವಳಿಯಲ್ಲಿ ಬಜ್ಜಿ, ಹಳೆ ಮೈಸೂರಿನ ಕಡೆ ಸುಟ್ಟ ಬದನೆಕಾಯಿ ಗೊಜ್ಜು. ಉಳಿದ ದಿನಗಳಲ್ಲಿ ತಟ್ಟೆಯ ಮೂಲೆಯಲ್ಲಿ ನೆಂಚಿಕೊಳ್ಳಲು ಇರುವ ಈ ಪದಾರ್ಥ ಆ ಒಂದು ದಿನ ಮಾತ್ರ ದೇವರ ಮುಂದಕ್ಕೆ ಹೇಗೆ ಬಂತು?

ಎಲ್ಲರೂ ಕೊಡುವ ಉತ್ತರ ವ್ರತದ್ದು. ಚಾತುರ್ಮಾಸದಲ್ಲಿ ಬದನೆ, ಈರುಳ್ಳಿ, ಬೆಳ್ಳುಳ್ಳಿ ನಿಷಿದ್ಧ. ಆಷಾಢ ಶುದ್ಧ ನವಮಿಯಂದು, ಮರಾಠಿಗರು ಕಾಂದೇನವಮಿ ಎನ್ನುವ ದಿನ, ಇವನ್ನೆಲ್ಲ ಮನದಣಿಯೆ ತಿಂದು, ಎರಡು ದಿನ ಬಿಟ್ಟು ಬರುವ ಏಕಾದಶಿಯಿಂದ ಬಾಯಿ ಕಟ್ಟುತ್ತಾರೆ. ತಿಂಗಳುಗಟ್ಟಲೆ ಬಿಟ್ಟಿದ್ದು ಮತ್ತೆ ಬಾಯಿಗೆ ಬರುವ ಸಂಭ್ರಮವೇ ಚಂಪಾಷಷ್ಠಿಯ ಭರೀತ ಎಂಬುದು ಈ ವಾದ. ಕೇಳಲು ಸರಿಯಾಗಿದೆ, ಪಂಚಾಂಗ ತೆರೆದರೆ ಮಾತ್ರ ಲೆಕ್ಕ ತಪ್ಪುತ್ತದೆ. ಚಾತುರ್ಮಾಸ ಮುಗಿಯುವುದು ಕಾರ್ತಿಕ ಶುದ್ಧ ಏಕಾದಶಿಗೆ. ಅಲ್ಲಿಂದ ಮಾರ್ಗಶಿರದ ಷಷ್ಠಿಗೆ ಇನ್ನೂ 25 ತಿಥಿಗಳಿವೆ. ವ್ರತ ಬಿಟ್ಟದ್ದೇ ಕಾರಣವಾಗಿದ್ದರೆ ಬದನೆ ತುಳಸಿ ಲಗ್ನದ ಊಟಕ್ಕೇ ಬರಬೇಕಿತ್ತು. ಖಂಡೋಬನ ಒಕ್ಕಲು ಆ 25 ದಿನವನ್ನೂ ಸೇರಿಸಿ ಕಾಯುತ್ತದೆ ಎಂದರೆ, ಅದು ವಿಷ್ಣು ನಿದ್ದೆಯಿಂದ ಏಳುವುದನ್ನಲ್ಲ, ತನ್ನ ದೇವರು ಮಣಿ-ಮಲ್ಲರೆಂಬ ದೈತ್ಯರನ್ನು ಕೊಂದ ದಿನವನ್ನು ಕಾಯುತ್ತಿದೆ. ಜೊತೆಗೆ ವ್ರತದ ವಾದ ಇನ್ನೊಂದು ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ: ಬದನೆ ಮರಳಿ ಬಂತು ಸರಿ, ಸುಟ್ಟೇ ಏಕೆ ಬರಬೇಕು? ಎಣಗಾಯಿ ಆಗಬಹುದಿತ್ತು, ಹುಳಿಯೂ ಆಗಬಹುದಿತ್ತು. ಕನ್ನಡ ನಾಡಿಗೆ ಬದನೆಯ ಅಡುಗೆಯಲ್ಲಿ ಬಡತನವಿರಲಿಲ್ಲ. 16ನೇ ಶತಮಾನದ ಆರಂಭದ ಮೂರನೆಯ ಮಂಗರಸ ತನ್ನ ‘ಸೂಪಶಾಸ್ತ್ರ’ದಲ್ಲಿ ಬದನೆಯ ಬಗೆಗಳಿಗೇ ಒಂದು ಭಾಗವನ್ನು ಮೀಸಲಿಟ್ಟಿದ್ದಾನೆ. ಇಷ್ಟಿದ್ದೂ ದೇವರಿಗೆ ಹೋಗುವುದು ಎಲ್ಲಕ್ಕಿಂತ ಸಾದಾ ಬಗೆ.

ಆ ಸಾದಾತನವನ್ನು ಹತ್ತಿರದಿಂದ ನೋಡಬೇಕು. ಕಾಯಿ ದಪ್ಪಗಿರಬೇಕು, ಕೈಗೆ ಹಗುರಾಗಿರಬೇಕು; ಭಾರವಾದರೆ ಒಳಗೆ ಬೀಜ. ಚಳಿಗಾಲದಲ್ಲಿ ಜಳಗಾಂವ್ ಸೀಮೆಯ ಹಸಿರು ಬದನೆಗೆ ಬೇಡಿಕೆ. 2016ರಲ್ಲಿ ಭೌಗೋಳಿಕ ಸೂಚಕ ಪಡೆದ ಕಾಯಿ ಅದು. ಅದರ ಊರಲ್ಲಿ ಅದನ್ನು ಒಣಗಿದ ಹತ್ತಿಕಟ್ಟಿಗೆಯ ಉರಿಯಲ್ಲಿ ಸುಡುತ್ತಾರೆ. ಅಲ್ಲಲ್ಲಿ ಚಾಕುವಿನಿಂದ ಚುಚ್ಚದಿದ್ದರೆ ಒಳಗಿನ ಹಬೆ ಕಾಯಿಯನ್ನು ಒಡೆಯುತ್ತದೆ. ತೊಟ್ಟಿನ ಬುಡ ಬೆರಳಿಗೆ ಕುಸಿದರೆ ಬೆಂದಂತೆ. ಒಂದು ತಟ್ಟೆ ಮುಚ್ಚಿಟ್ಟರೆ ತನ್ನ ಬಿಸಿಗೆ ತಾನೇ ಬೆವರಿ ಸಿಪ್ಪೆ ಸಡಿಲವಾಗುತ್ತದೆ. ಸಿಪ್ಪೆ ಸುಲಿದ ಮೇಲೆ ನೀರಲ್ಲಿ ತೊಳೆಯಬಾರದು, ತೊಳೆದರೆ ಹೊಗೆಯ ವಾಸನೆಯೇ ಹೋಯಿತು. ಆಮೇಲೆ ಸುಟ್ಟ ಹಸಿಮೆಣಸಿನಕಾಯಿ, ಈರುಳ್ಳಿ ಸೊಪ್ಪು, ಬೆಳ್ಳುಳ್ಳಿ, ಕೊತ್ತಂಬರಿ, ಉಪ್ಪು. ಒಗ್ಗರಣೆ ಹಾಕುವವರು ಹಾಕುತ್ತಾರೆ, ಬಿಡುವವರು ಬಿಡುತ್ತಾರೆ. ಇಲ್ಲಿ ಪಾತ್ರೆಯ ಅಗತ್ಯ ಬೀಳುವುದು ಹಿಸುಕುವಾಗ ಮಾತ್ರ. ಇದರ ಜೋಡಿ ರೋಡಗ, ಗೋದಿಹಿಟ್ಟಿನ ದಪ್ಪ ಉಂಡೆ. ಅದು ಬೇಯುವುದು ಬೆರಣಿಯ ಕೆಂಡದಲ್ಲಿ, ಬೂದಿಯ ನಡುವೆ. ಅದಕ್ಕೆ ಹೆಂಚೂ ಬೇಡ. ಒಂದೇ ನೈವೇದ್ಯದ ಎರಡೂ ಪದಾರ್ಥ ಪಾತ್ರೆಯಿಲ್ಲದೆ ಬೇಯುತ್ತವೆ ಎಂಬುದನ್ನು ಕಾಕತಾಳೀಯ ಎಂದು ತಳ್ಳಿಹಾಕುವುದು ಕಷ್ಟ. ಇದು ಮನೆಯೊಳಗೆ ಕೂತು ರೂಪಿಸಿದ ಊಟವಲ್ಲ. ಅಡವಿಯಲ್ಲಿ, ಹಟ್ಟಿಯ ಬಾಗಿಲಲ್ಲಿ, ಕುರಿ ಕಾಯುವವರ ಬೆಂಕಿಯ ಮುಂದೆ ಹುಟ್ಟಿದ್ದು ಎನ್ನುವುದೇ ನನ್ನ ವಾದ.

ದೇವರ ಕಥೆಯೂ ಅದಕ್ಕೇ ಸಾಕ್ಷಿ ನುಡಿಯುತ್ತದೆ. ಖಂಡೋಬನಿಗೆ ಇಬ್ಬರು ಹೆಂಡಿರು ಹೆಸರಾಂತರು. ಮ್ಹಾಳಸೆ ಲಿಂಗಾಯತ ವರ್ತಕರ ಮಗಳು, ಬಾಣಾಯಿ ಧನಗರ ಕುರಿಗಾಹಿಗಳ ಮಗಳು. ಖಂಡೋಬನ ಕನ್ನಡ ರೂಪವಾದ ನಮ್ಮ ಮೈಲಾರಲಿಂಗನಿಗೂ ಹೀಗೆಯೇ ಗಂಗಿಮಾಳವ್ವ, ಕುರುಬತೆವ್ವ. ಸವತಿಯರ ಜಗಳದ ಜನಪದ ಹಾಡುಗಳಲ್ಲಿ ಮ್ಹಾಳಸೆ ಅಡುಗೆ ಬಲ್ಲ ಗೃಹಿಣಿ, ಬಾಣಾಯಿಗೆ ಅಡುಗೆಯೇ ಬಾರದು. ದೇವರ ದೊಡ್ಡ ದಿನದಂದು ಅವನಿಗೆ ಸಲ್ಲುವುದು ಅಡುಗೆ ಬಾರದವಳ ಕೈಯ ಊಟ ಎಂದರೆ ಅತಿಯಾಗದು. ನೈವೇದ್ಯದ ಪಾಲು ನಾಯಿಗೂ ಉಂಟು. ಕುರಿಹಿಂಡಿನ ಕಾವಲುಗಾರನೇ ಈ ದೇವರ ಒಡನಾಡಿ. ಮೈಲಾರನ ಗೊರವರು ನಾಯಿಗಳಂತೆ ದೋಣಿಯೆಂಬ ಪಾತ್ರೆಯಲ್ಲಿ ಉಣ್ಣುವ ಆಚರಣೆಯೂ ಅದೇ ಬಳ್ಳಿಯ ಕಾಯಿ.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ಖಂಡೋಬನನ್ನು ಕುಲದೈವವಾಗಿ ಪೂಜಿಸುವವರಲ್ಲಿ ದೇಶಸ್ಥ ಬ್ರಾಹ್ಮಣರಿದ್ದಾರೆ, ಮರಾಠರಿದ್ದಾರೆ, ಕೋಳಿ ಸಮುದಾಯದವರಿದ್ದಾರೆ. ಇವರಾರೂ ಕುರಿ ಕಾಯ್ದವರಲ್ಲ, ಆದರೂ ಎಲ್ಲರ ಮನೆಯಲ್ಲೂ ಭರೀತ. ನಿಜ. ಆದರೆ ದೇಶಸ್ಥರ ಅಡುಗೆಮನೆಯನ್ನೇ ನೋಡಿ. ಉಳಿದ ಯಾವ ದೇವರ ಎಡೆಗೂ ಈರುಳ್ಳಿ, ಬೆಳ್ಳುಳ್ಳಿ ಸುಳಿಯಗೊಡದ ಮನೆ ಅಂದು ಈರುಳ್ಳಿ ಸೊಪ್ಪನ್ನು ಭರೀತದ ಜೊತೆ ದೇವರ ಮುಂದೆ ಇಡುತ್ತದೆ. ತಮ್ಮ ಮಡಿಯ ನಿಯಮವನ್ನು ಒಂದು ದಿನ ಬದಿಗಿಡುವ ಜನ ಅದನ್ನು ತಮ್ಮ ರುಚಿಗಾಗಿ ಇಡುವುದಿಲ್ಲ, ದೇವರಿಗೆ ಒಗ್ಗಿದ್ದೆಂದು ಇಡುತ್ತಾರೆ. ಊಟ ಮೊದಲು ಯಾರದಾಗಿತ್ತೆಂಬುದನ್ನು ಈ ವಿನಾಯಿತಿಯೇ ಹೇಳುತ್ತದೆ.

ಸುಟ್ಟ ಬದನೆ ಲೋಕದ ಎಲ್ಲೆಡೆ ಇದೆ, ಪಂಜಾಬಿನ ಭರ್ತಾದಿಂದ ಲೆಬನಾನಿನ ಬಾಬಾ ಗನೂಶ್‌ವರೆಗೆ. ಇದರಲ್ಲಿ ಕುರಿಗಾಹಿಗಳ ಹೆಸರೇಕೆ ಎಂದೂ ಕೇಳಬಹುದು. ಸುಡುವ ವಿದ್ಯೆ ಕುರುಬರ ಸ್ವಂತದ್ದೆಂದು ಯಾರೂ ಹೇಳುತ್ತಿಲ್ಲ. ನಾನು ಹೇಳುವುದು ಆ ದಿನ, ಆ ದೇವರ ಎಡೆಯಲ್ಲಿ ಅದಕ್ಕೆ ಸಿಕ್ಕ ಜಾಗದ ಬಗ್ಗೆ. ಪಕ್ಕದ ರಾಯಗಡ ಜಿಲ್ಲೆಯಲ್ಲಿ ಚಳಿಗಾಲ ಬಂದರೆ ಅವರೆಕಾಯಿ, ಆಲೂಗಡ್ಡೆಗಳನ್ನು ಮಡಕೆಯಲ್ಲಿ ತುಂಬಿ, ಭಾಂಬುರ್ಡಾ ಸೊಪ್ಪು ಮುಚ್ಚಿ, ಬೋರಲು ಹಾಕಿ ಸುತ್ತ ಬೆಂಕಿಯಿಟ್ಟು ಪೋಪಟಿ ಮಾಡುತ್ತಾರೆ. ಅದೂ ಬಯಲ ಬೆಂಕಿಯೇ, ಸೊಗಸಾದ ತಿನಿಸೇ, ಆದರೆ ಅದಕ್ಕೆ ದೇವರ ಗೊಡವೆಯಿಲ್ಲ. ಈ ಆಕ್ಷೇಪಕ್ಕಿಂತ ಋತುವಿನ ವಾದ ಬಲವಾದದ್ದು. ಮಾರ್ಗಶಿರದಲ್ಲಿ ಬದನೆ ರುಚಿಗೆ ಬರುತ್ತದೆ, ಹೊಸ ಸಜ್ಜೆ ಮನೆಗೆ ಬಂದಿರುತ್ತದೆ, ಚಳಿಗೆ ಬೆಂಕಿಯೂ ಹಿತ. ಇದನ್ನು ಒಪ್ಪಲೇಬೇಕು. ಆದರೆ ಸಂಕ್ರಾಂತಿಯ ಹಿಂದಿನ ದಿನದ ಭೋಗಿಯೂ ಅದೇ ಚಳಿಗಾಲದ ಹಬ್ಬ. ಅದೇ ಬದನೆ, ಅದೇ ಸಜ್ಜೆ ರೊಟ್ಟಿ, ಆದರೆ ಅಂದು ಬದನೆ ಎಳ್ಳು, ಶೇಂಗಾ, ಹಸಿಕಡಲೆಗಳ ಜೊತೆ ಪಾತ್ರೆಯಲ್ಲಿ ಬೇಯುತ್ತದೆ. ಯಾವ ಕಾಯಿ ತಿನ್ನಬೇಕೆಂದು ಋತು ಹೇಳೀತು. ಸುಡಬೇಕೋ ಕುದಿಸಬೇಕೋ ಎಂದು ಹೇಳುವವನು ದೇವರು.

ಹಾಗಾದರೆ ಭರೀತ ಕನ್ನಡದ್ದೇ? ಇಲ್ಲಿ ನಮ್ಮವರ ಉತ್ಸಾಹಕ್ಕೆ ಸ್ವಲ್ಪ ಕಡಿವಾಣ ಬೇಕು. ಖಂಡೋಬನ ಕ್ಷೇತ್ರವಾದ ಜೇಜುರಿಯಲ್ಲಿ ಭಂಡಾರ ತೂರುತ್ತ ಮರಾಠಿ ಭಕ್ತರು ಕೂಗುವ ‘ಯೇಳಕೋಟ್’ ನಮ್ಮ ಏಳುಕೋಟಿ. ಮಹಾರಾಷ್ಟ್ರದ ಬೇರಿನಲ್ಲಿ ಕನ್ನಡವನ್ನು ಹುಡುಕಿದ ಶಂ.ಬಾ. ಜೋಶಿಯವರ ನಾಡಿನವರಾದ ನಮಗೆ ಖಂಡೋಬ ಮೈಲಾರನೇ ಎನ್ನಲು ಹಿಂಜರಿಕೆಯಿಲ್ಲ. ಬೀದರ ಬಳಿಯ ಆದಿ ಮೈಲಾರ, ಕಾಗವಾಡ ತಾಲೂಕಿನ ಮಂಗಸೂಳಿ ಎರಡೂ ನಮ್ಮ ಗಡಿಯೊಳಗೇ ಇವೆ. ಆದರೆ ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ ಜನ ಕಾರಣಿಕ ಕೇಳಲು ಕೂಡುವುದು ಭರತ ಹುಣ್ಣಿಮೆಯ ಜಾತ್ರೆಗೆ, ದೇವರಗುಡ್ಡದಲ್ಲಿ ದಸರೆಗೆ. ಚಂಪಾಷಷ್ಠಿಯೇ ದೊಡ್ಡ ದಿನವಾಗಿ, ಭರೀತ ಅದಕ್ಕೆ ಅಂಟಿಕೊಂಡದ್ದು ಭೀಮೆಯ ಆಚೆಯ ಬಯಲಲ್ಲಿ. ದೇವರು ಕನ್ನಡದ ಹೆಸರು ಹೊತ್ತು ಹೋದ, ಊಟವನ್ನು ಅಲ್ಲಿ ಕಂಡುಕೊಂಡ. ಭಾಷೆಗಳಿಗಿಂತ ಮೊದಲೇ ಕುರಿಯ ದಾರಿಗಳಿದ್ದವು. ಧನಗರ ಮತ್ತು ಕುರುಬರ ನಡುವೆ ಗೆರೆ ಎಳೆದದ್ದು ರಾಜ್ಯಗಳ ನಕ್ಷೆ.

ಠಾಕುರ್ಲಿಗೆ ಈ ಊಟ ಬಂದದ್ದು ರೈಲಿನ ದಾರಿಯಲ್ಲಿ. 1853ರಲ್ಲಿ ಠಾಣೆ ಮುಟ್ಟಿದ ಹಳಿ ಮರುವರ್ಷ ಕಲ್ಯಾಣಕ್ಕೆ ಬಂತು, 1871ರಲ್ಲಿ ಪುಣೆ, ಸೊಲ್ಲಾಪುರ ದಾಟಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿತು. ಕಲ್ಯಾಣದಲ್ಲಿ ಕವಲೊಡೆಯುವ ಒಂದು ದಾರಿ ಜಳಗಾಂವ್‌ನ ಬದನೆಯ ಸೀಮೆಗೆ, ಇನ್ನೊಂದು ಕಲಬುರಗಿಯ ಜನರ ಸೀಮೆಗೆ. ಪುಣೆಯವರೆಗೆ ವಿದ್ಯುತ್ ರೈಲು ಓಡಿಸಲು 1929ರ ಹೊತ್ತಿಗೆ ರೈಲ್ವೆ ಕಟ್ಟಿದ ಕಲ್ಲಿದ್ದಲಿನ ವಿದ್ಯುದಾಗಾರ ಇದ್ದದ್ದು ಠಾಕುರ್ಲಿಯ ಚೋಳೆಯಲ್ಲಿ. ರೈಲ್ವೆ ನೌಕರರ ವಸತಿ ಈ ಊರಿಗೆ ಒಂದು ಚಹರೆ ಕೊಟ್ಟಿತು. ವಿದ್ಯುದಾಗಾರ ಮುಚ್ಚಿ ದಶಕಗಳಾದವು. ಈಗ ಇಲ್ಲಿನ ಕನ್ನಡದ ಗುರುತೆಂದರೆ ಕಂಚನ್‌ಗಾಂವ್‌ನಲ್ಲಿ ಡೊಂಬಿವಲಿಯ ಕರ್ನಾಟಕ ಸಂಘ ನಡೆಸುವ ಮಂಜುನಾಥ ಕಾಲೇಜು.

ಚಾಳಿನ ಕಾಲದಲ್ಲಿ ಇದ್ದಿಲಿನ ಸಿಗಡಿಯಿತ್ತು, ಭರೀತಕ್ಕೆ ಕೆಂಡ ಸಿಗುತ್ತಿತ್ತು. ಗ್ಯಾಸ್ ಬಂದ ಮೇಲೆ ಹಪ್ಪಳ ಸುಡುವ ಜಾಲರಿ ಆ ಕೆಲಸ ವಹಿಸಿಕೊಂಡಿತು; ಬರ್ನರಿನ ತೂತಿಗೆ ಬದನೆಯ ರಸ ಇಳಿದು ಮುಚ್ಚಿಕೊಂಡರೆ ಮರುದಿನ ಸೂಜಿ ಹಿಡಿದು ಕೂರಬೇಕು, ಅಷ್ಟೆ. ರೋಡಗಕ್ಕೆ ಆ ಭಾಗ್ಯವಿರಲಿಲ್ಲ. ಬೆರಣಿಯಿಲ್ಲದ, ಬೂದಿಗೆ ಜಾಗವಿಲ್ಲದ ಮೂರನೇ ಮಹಡಿಯಲ್ಲಿ ಅದು ಬೇಯದು, ಅದರ ಜಾಗಕ್ಕೆ ಸಜ್ಜೆ ರೊಟ್ಟಿ ಬಂತು. ಹೋಟೆಲಿನ ಟೊಮೆಟೊ ತುಂಬಿದ ಬೈಂಗನ್ ಭರ್ತಾವನ್ನು ತಂದು ಎಡೆ ಇಡುವವರಿಗೆ ನನ್ನ ತಕರಾರಿಲ್ಲ, ಆದರೆ ಅದು ಬಾಣಲೆಯ ಅಡುಗೆ. ರೋಡಗವನ್ನು ಬೆರಣಿಯ ಕೆಂಡದಲ್ಲಿ ಹೂತು ಬೇಯಿಸಿದ ಅಜ್ಜಿ ನಿಮ್ಮ ಮನೆಯಲ್ಲಿ ಇನ್ನೂ ಇದ್ದರೆ, ಹಿಟ್ಟು ಎಷ್ಟು ಗಟ್ಟಿ ಕಲಸಬೇಕು, ಬೂದಿಯಲ್ಲಿ ಎಷ್ಟು ಹೊತ್ತು ಬಿಡಬೇಕು ಎಂಬುದನ್ನು ಈ ಸಲದ ಷಷ್ಠಿಯೊಳಗೆ ಕೇಳಿ ಬರೆದಿಟ್ಟುಕೊಳ್ಳಿ.