ಐದರಲ್ಲಿ ನಾಲ್ಕು ಚುಕ್ಕೆ ಊಹೆ

ಡಿವಿಡಿ ಮಾರುಕಟ್ಟೆಗೆ ಬಂದಿದ್ದು 1996ರಲ್ಲಿ, ಜಪಾನಿನಲ್ಲಿ. ಆಗ ಮನೆಗಳಲ್ಲಿ ಇದ್ದದ್ದು ಡಬ್ಬದಂಥ ಟಿವಿ. ಹತ್ತು ವರ್ಷ ಕಳೆಯೋದ್ರೊಳಗೆ ಜಪಾನ್, ಅಮೆರಿಕದ ಮನೆಗಳಿಗೆ ಎಚ್‌ಡಿ ಟಿವಿ ಬಂತು. ಕಪಾಟಿನ ಡಿವಿಡಿಗಳು ಮಾತ್ರ ಹಾಗೇ ಉಳಿದವು. ಈ ಎರಡರ ನಡುವೆ ಸೇತುವೆಯಾಗಿ ಬಂದಿದ್ದೇ ‘ಅಪ್‌ಕನ್ವರ್ಟಿಂಗ್’ ಪ್ಲೇಯರ್.

ಲೆಕ್ಕ ನೋಡಿ. ನಮ್ಮಲ್ಲಿ ನಡೆಯೋ ಪಾಲ್ ಪದ್ಧತಿಯ ಡಿವಿಡಿಯಲ್ಲಿ ಒಂದು ಚಿತ್ರಕ್ಕೆ ಹೆಚ್ಚೆಂದರೆ 720x576, ಅಂದ್ರೆ 4,14,720 ಚುಕ್ಕೆ. ಫುಲ್ ಎಚ್‌ಡಿ ಪರದೆಗೆ ಬೇಕಾಗೋದು 1920x1080, ಅಂದ್ರೆ 20,73,600. ಸರಿಯಾಗಿ ಐದು ಪಟ್ಟು! ಉಳಿದ ನಾಲ್ಕು ಪಾಲನ್ನು ಪ್ಲೇಯರ್ ಅಕ್ಕಪಕ್ಕದ ಚುಕ್ಕೆ ನೋಡಿ ಊಹಿಸಿ ತುಂಬುತ್ತೆ.

ತಮಾಷೆ ಅಂದ್ರೆ, ಎಚ್‌ಡಿ ಟಿವಿಯೂ ಇದೇ ಕೆಲಸ ಮಾಡುತ್ತೆ. ಇಲ್ಲದಿದ್ದರೆ ಚಿತ್ರ ಪರದೆ ತುಂಬೋದೇ ಇಲ್ಲ. ಹಾಗಾಗಿ ಪ್ಲೇಯರಿನ ಚಿಪ್ ಟಿವಿಯ ಚಿಪ್‌ಗಿಂತ ಜಾಣ ಆಗಿದ್ದರೆ ಮಾತ್ರ ಲಾಭ. ಜೊತೆಗೆ ನಕಲು ತಡೆಯೋ ನಿಯಮ ಬೇರೆ: ಬೀಗ ಹಾಕಿದ ಡಿಸ್ಕಿನ ಚಿತ್ರವನ್ನು ಹಿಗ್ಗಿಸಿ ಕಳಿಸೋಕೆ ಎಚ್‌ಡಿಎಂಐನಂಥ ಹೊಸ ತಂತಿಯೇ ಬೇಕು, ಹಳೆ ಕಾಂಪೊನೆಂಟ್ ತಂತಿಗೆ ಅನುಮತಿ ಇಲ್ಲ.

2008ರ ಫೆಬ್ರವರಿಯಲ್ಲಿ ತೋಷಿಬಾ ಬ್ಲೂ-ರೇಗೆ ಸೋತು ತನ್ನ ಎಚ್‌ಡಿ ಡಿವಿಡಿ ಕೈಬಿಟ್ಟಿತು. ಅದೇ ವರ್ಷ ಎಕ್ಸ್‌ಡಿಇ ಅನ್ನೋ ಅಪ್‌ಕನ್ವರ್ಟಿಂಗ್ ಪ್ಲೇಯರ್ ತಂತು.

ಆದ್ರೆ ಊಹೆ ಊಹೆಯೇ. 35 ಎಂಎಂ ನೆಗೆಟಿವ್‌ನಲ್ಲಿ ಡಿವಿಡಿಗಿಂತ ಎಷ್ಟೋ ಹೆಚ್ಚು ವಿವರ ಇರುತ್ತೆ. ‘ಡಿವಿಡಿ ಇದೆಯಲ್ಲ’ ಅಂತ ಹಳೆ ಕನ್ನಡ ಚಿತ್ರಗಳ ನೆಗೆಟಿವ್ ಕೊಳೆಯೋಕೆ ಬಿಟ್ಟರೆ, ರಾಜ್‌ಕುಮಾರ್ ಕಣ್ಣಂಚಿನ ಗೆರೆಯನ್ನು ಯಾವ ಚಿಪ್ಪೂ ವಾಪಸ್ ತರಲ್ಲ. ತನಗೆ ತೋಚಿದ ಗೆರೆ ಎಳೆಯುತ್ತೆ, ಅಷ್ಟೆ.